ಎಸಿ ನಿಂತರೆ ಬೋಂಡಾ ಗತಿ ಏನು? ಪಗ್ ಜೊತೆ ಮೋಟರ್‌ಹೋಮ್ ಸಂಸಾರದ ಅಸಲಿ ಲೆಕ್ಕ

(ಪಾಡ್‌ಕಾಸ್ಟ್‌ನ ಅಕ್ಷರ ರೂಪ)

ಮೋಟರ್‌ಹೋಮ್ ಅಂದ ತಕ್ಷಣ ನಿಮ್ಮ ಕಣ್ಣಮುಂದೆ ಬರೋ ರೀಲ್ಸ್ ಯಾವುದು ಅಂತ ನನಗೆ ಗೊತ್ತು. ಹಿಂದಿನ ಬಾಗಿಲು ತೆರೆದಿರುತ್ತೆ, ಎದುರಿಗೆ ಸಮುದ್ರವೋ ಕೆಂಪು ಬಂಡೆಯೋ, ಕೈಯಲ್ಲಿ ಕಾಫಿ ಲೋಟ, ಕಾಲ ಹತ್ರ ಒಂದು ಮುದ್ದು ನಾಯಿ. ಸುಳ್ಳೇನಲ್ಲ, ಅಂಥ ಬೆಳಗುಗಳೂ ಇವೆ. ಆದರೆ ಆ ಹದಿನೈದು ಸೆಕೆಂಡ್ ಬಿಟ್ಟು ಉಳಿದ ದಿನ ಹೇಗೆ ಹೋಗುತ್ತೆ ಅಂತ ಯಾರೂ ತೋರಿಸಲ್ಲ. ನಮ್ಮ ಮಟ್ಟಿಗೆ ಅದು ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತೆ: ಇವತ್ತು ಮಧ್ಯಾಹ್ನ ಮೂರು ಗಂಟೆಗೆ ಗಾಡಿ ಒಳಗೆ ಎಷ್ಟು ಡಿಗ್ರಿ ಇರುತ್ತೆ?

ಮೊದಲು ನಮ್ಮ ಪರಿಚಯ ಬೇಗ ಮುಗಿಸ್ತೀನಿ. ನನ್ನೂರು ತಿಪಟೂರು ಕಡೆ. ಅಮೆರಿಕಕ್ಕೆ ಬಂದು ಹನ್ನೆರಡು ವರ್ಷ ಆಯ್ತು. ನಾನು, ನನ್ನ ಗಂಡ, ಮತ್ತೆ ಬೋಂಡಾ ಮೂರು ವರ್ಷದಿಂದ 24 ಅಡಿ ಉದ್ದದ ಒಂದು ಹಳೇ ಮೋಟರ್‌ಹೋಮ್‌ನಲ್ಲಿ ವಾಸ. ಬಾಡಿಗೆ ಮನೆ ಇಲ್ಲ, ಸ್ವಂತ ಮನೆಯೂ ಇಲ್ಲ. ಇಬ್ಬರದೂ ಲ್ಯಾಪ್‌ಟಾಪ್ ಕೆಲಸ. ಬೋಂಡಾ ಒಂದು ಪಗ್. ಒಂಬತ್ತು ವರ್ಷ, ಎಂಟು ಕೆ.ಜಿ. ನಮ್ಮೂರಲ್ಲಿ ಈಗಲೂ ಜನ ಈ ಜಾತಿಗೆ ‘ಹಚ್ ನಾಯಿ’ ಅಂತಲೇ ಅನ್ನೋದು. ಆ ಜಾಹೀರಾತು ಬಂದಾಗ ನಿಮ್ಮಲ್ಲಿ ಎಷ್ಟೋ ಜನ ಹುಟ್ಟಿರಲಿಲ್ಲ, ಅಕ್ಕನನ್ನೋ ಚಿಕ್ಕಪ್ಪನನ್ನೋ ಕೇಳಿ, ಹೇಳ್ತಾರೆ.

ಇನ್ನೊಂದು ಮಾತು ಈಗಲೇ ಹೇಳಿಬಿಡ್ತೀನಿ, ಯಾಕಂದ್ರೆ ಮೆಸೇಜ್‌ನಲ್ಲಿ ತುಂಬ ಜನ ಕೇಳ್ತೀರಿ. ಎಚ್‌1ಬಿ ವೀಸಾದಲ್ಲಿ ಇದನ್ನ ಮಾಡೋದು ಕಷ್ಟ. ಆ ವೀಸಾ ಕೆಲಸ ಮಾಡೋ ಜಾಗಕ್ಕೆ ಗಂಟು ಹಾಕಿರುತ್ತೆ. ಬೇರೆ ಪ್ರದೇಶಕ್ಕೆ ಹೋಗಿ ಕೂತು ಕೆಲಸ ಮಾಡಬೇಕು ಅಂದ್ರೆ ಕಂಪನಿ ಹೊಸದಾಗಿ ಕಾಗದಪತ್ರ ಹಾಕಬೇಕಾಗುತ್ತೆ. ವಾರಕ್ಕೊಂದು ಊರು ಬದಲಾಯಿಸೋರಿಗೆ ಅದು ಆಗೋ ಹೋಗೋ ಮಾತಲ್ಲ. ನಾವು ಗ್ರೀನ್ ಕಾರ್ಡ್ ಬರೋ ತನಕ ಕಾದ್ವಿ. ವಿಳಾಸದ್ದೂ ಒಂದು ತಲೆನೋವು ಇದೆ. ಮನೆಯೇ ಇಲ್ಲದಿದ್ರೂ ಡ್ರೈವಿಂಗ್ ಲೈಸೆನ್ಸ್‌ಗೆ, ತೆರಿಗೆಗೆ, ವಿಮೆಗೆ ಒಂದು ವಿಳಾಸ ಬೇಕಲ್ಲ. ಹೀಗೆ ಬದುಕೋರಲ್ಲಿ ಹೆಚ್ಚಿನವರು ಟೆಕ್ಸಾಸ್, ಫ್ಲೋರಿಡಾ, ಸೌತ್ ಡಕೋಟಾ ಈ ಮೂರರಲ್ಲಿ ಒಂದನ್ನ ಆರಿಸ್ಕೊಳ್ತಾರೆ. ಅಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಟಪಾಲು ಪಡೆದು ನಾವಿದ್ದಲ್ಲಿಗೆ ಕಳಿಸಿಕೊಡೋ ಸಂಸ್ಥೆಗಳೂ ಇವೆ.

ಸರಿ, ಬೋಂಡಾ ವಿಷಯಕ್ಕೆ ಬರೋಣ.

ನಾಯಿಗೆ ನಮ್ಮ ಹಾಗೆ ಮೈತುಂಬ ಬೆವರೋಕೆ ಆಗಲ್ಲ. ಪಾದದ ಅಡಿಯಲ್ಲಿ ಸ್ವಲ್ಪ ಬೆವರುತ್ತೆ, ಅಷ್ಟೇ. ಮೈ ಕಾವು ಇಳಿಸ್ಕೊಳ್ಳೋಕೆ ಅದಕ್ಕಿರೋ ಮುಖ್ಯ ದಾರಿ ನಾಲಿಗೆ ಹೊರಗೆ ಚಾಚಿ ಏದುಸಿರು ಬಿಡೋದು. ಬಾಯಿ, ಮೂಗು, ಗಂಟಲಿನ ತೇವ ಆವಿಯಾಗಿ ಹೋಗ್ತಾ ಶಾಖ ಹೊತ್ಕೊಂಡು ಹೋಗುತ್ತೆ. ಈಗ ಪಗ್ ಮುಖ ನೆನಪಿಸ್ಕೊಳ್ಳಿ. ಮೂಗೇ ಇಲ್ಲ. ಹೊಳ್ಳೆ ಕಿರಿದು. ಅಂಗುಳಿನ ಹಿಂದಿನ ಮೆತ್ತನೆ ಭಾಗ ಎಷ್ಟೋ ಸಲ ಗಂಟಲಿಗೆ ಅಡ್ಡ ಬರೋವಷ್ಟು ಉದ್ದ ಇರುತ್ತೆ. ಅಂದ್ರೆ ಶಾಖ ಹೊರಗೆ ಹಾಕೋ ಯಂತ್ರವೇ ಅರ್ಧ ಕಟ್ಟಿಕೊಂಡಿದೆ. ಗಾಳಿಗಾಗಿ ಜಾಸ್ತಿ ಶ್ರಮ ಪಡುತ್ತೆ, ಆ ಶ್ರಮದಿಂದಲೇ ಇನ್ನಷ್ಟು ಕಾವು ಹುಟ್ಟುತ್ತೆ. ನಾಯಿಯ ಸಹಜ ಉಷ್ಣತೆ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. 41 ದಾಟಿದ್ರೆ ಜೀವಕ್ಕೇ ಅಪಾಯ. ನಡುವೆ ಇರೋದು ಎರಡೇ ಡಿಗ್ರಿ.

ಇನ್ನು ಗಾಡಿ. 2005ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗೆ ಏನಾಗುತ್ತೆ ಅಂತ ಅಳೆದು ನೋಡಿದ್ರು. ಮಕ್ಕಳ ಸುರಕ್ಷತೆಗಾಗಿ ಮಾಡಿದ ಅಧ್ಯಯನ ಅದು. ಒಂದು ಗಂಟೆಯಲ್ಲಿ ಒಳಗಿನ ತಾಪ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರಿತು. ಅದರಲ್ಲಿ ಶೇ 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ. ಕಿಟಕಿ ಗಾಜನ್ನ ಒಂದಿಷ್ಟು ಇಳಿಸಿದ್ರೂ ಹೇಳ್ಕೊಳ್ಳೋವಂಥ ವ್ಯತ್ಯಾಸ ಬರಲಿಲ್ಲ. ಹೊರಗೆ ಸುಡುಬಿಸಿಲೇ ಇರಬೇಕಂತಿಲ್ಲ, ನಮಗೆ ಹಿತ ಅನ್ನಿಸೋ 22 ಡಿಗ್ರಿ ದಿನವೂ ಸಾಕು. ಮೋಟರ್‌ಹೋಮ್ ಕಾರಿಗಿಂತ ದೊಡ್ಡದು, ಗೋಡೆಯಲ್ಲಿ ಥರ್ಮೋಕೋಲ್ ತರದ್ದು ತುಂಬಿರ್ತಾರೆ, ಹಾಗಾಗಿ ಇನ್ನೊಂದಿಷ್ಟು ನಿಧಾನ ಆಗಬಹುದು. ಆದರೆ ಮುಂದೆ ಅಷ್ಟು ದೊಡ್ಡ ಗಾಜು, ಮೇಲೆ ತಗಡಿನಂಥ ಚಾವಣಿ. ನನಗೆ ಅದು ಮನೆ, ಅಡುಗೆ ಮಾಡ್ತೀನಿ, ಮಲಗ್ತೀನಿ. ಎಸಿ ನಿಂತ ಕ್ಷಣದಿಂದ ಬೋಂಡಾಗೆ ಮಾತ್ರ ಅದು ಬಿಸಿಲಲ್ಲಿ ನಿಂತ ಕಾರೇ.

ಹಾಗಾದ್ರೆ ಎಸಿ ಹಾಕಿಟ್ಟು ಹೋಗಿ ಅಂತೀರಿ. ಇಲ್ಲೇ ಇರೋದು ಈ ಬದುಕಿನ ಗಣಿತ. ನಮ್ಮ ಚಾವಣಿ ಮೇಲಿನ ಎಸಿಗೆ ಓಡ್ತಾ ಇರುವಾಗ ಸುಮಾರು 1,300ರಿಂದ 1,500 ವಾಟ್ ಬೇಕು. ನಮ್ಮಲ್ಲಿರೋ ಲಿಥಿಯಂ ಬ್ಯಾಟರಿ 12 ವೋಲ್ಟಿನದ್ದು, 200 ಆಂಪಿಯರ್-ಅವರ್. ಗುಣಿಸಿ ನೋಡಿ, ಎರಡೂವರೆ ಯೂನಿಟ್ ಕರೆಂಟು ಕೂಡ ಆಗಲ್ಲ ಅನ್ನಬಹುದು. ಇನ್ವರ್ಟರ್‌ನಲ್ಲಿ ಹೋಗೋ ನಷ್ಟ ಕಳೆದ್ರೆ ಎಸಿ ಎರಡು ಗಂಟೆಯೂ ನಡೆಯಲ್ಲ. ಚಾವಣಿಯಲ್ಲಿ 400 ವಾಟ್ ಸೋಲಾರ್ ಇದೆ. ನಡು ಮಧ್ಯಾಹ್ನ ಅದು ಪೂರಾ ಕೊಟ್ರೂ ಎಸಿಯ ಕಾಲುಭಾಗದ ಹಸಿವು ತೀರುತ್ತೆ, ಅಷ್ಟೇ. ಫ್ಯಾನ್, ಲೈಟ್, ಲ್ಯಾಪ್‌ಟಾಪ್, ಮೊಬೈಲ್ ಇವಕ್ಕೆಲ್ಲ ಸೋಲಾರ್ ಧಾರಾಳ. ಎಸಿಗೆ ಮಾತ್ರ ಅಲ್ಲ.

ಉಳಿದಿರೋದು ಎರಡು ದಾರಿ. ಒಂದು, ಜನರೇಟರ್. ಗಂಟೆಗೆ ಹೆಚ್ಚುಕಡಿಮೆ ಎರಡು ಲೀಟರ್ ಪೆಟ್ರೋಲ್ ಕುಡಿಯುತ್ತೆ, ಸದ್ದು ಮಾಡುತ್ತೆ, ಹೆಚ್ಚಿನ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ರಾತ್ರಿ ಹೊತ್ತು ಹಾಕೋ ಹಾಗಿಲ್ಲ. ಇನ್ನೊಂದು, ಬಾಡಿಗೆ ಕೊಟ್ಟು ಕರೆಂಟ್ ಇರೋ ಜಾಗದಲ್ಲಿ ನಿಲ್ಲೋದು. ಅಲ್ಲಿ ಪ್ರತಿ ಗಾಡಿಗೂ ಒಂದು ಕಂಬ ಇರುತ್ತೆ, ದಪ್ಪ ವೈರ್ ತಂದು ಸಿಕ್ಕಿಸಿದ್ರೆ ಮನೆಯ ಹಾಗೇ ಕರೆಂಟು. ನಮ್ಮದು 30 ಆಂಪಿಯರ್ ಗಾಡಿ. ಇಲ್ಲಿ 120 ವೋಲ್ಟ್, ಅಂದ್ರೆ 3,600 ವಾಟ್ ಗಡಿ. ಎಸಿ ನಡೀತಾ ಇರುವಾಗ ನಾನು ಮೈಕ್ರೋವೇವ್ ಹಾಕಿ, ನನ್ನ ಗಂಡ ನೀರು ಕಾಯಿಸೋ ಸ್ವಿಚ್ ಒತ್ತಿದ್ರೆ ಮುಗೀತು, ಟಪ್ ಅಂತ ಟ್ರಿಪ್ ಆಗುತ್ತೆ. ನಮ್ಮನೇಲಿ ಈಗ ಒಂದು ಅಭ್ಯಾಸ ಬಂದುಬಿಟ್ಟಿದೆ. ಏನೇ ಹಾಕೋಕೆ ಮುಂಚೆ “ರೀ, ಹಾಕ್ತಾ ಇದ್ದೀನಿ” ಅಂತ ಕೂಗೋದು.

ಹೋದ ಜೂನ್‌ನಲ್ಲಿ ನಡೆದಿದ್ದು ಹೇಳ್ತೀನಿ. ಜಾಗದ ಹೆಸರು ಬೇಡ. ಕರೆಂಟ್ ಇರೋ ಜಾಗವನ್ನೇ ದುಡ್ಡು ಕೊಟ್ಟು ತಗೊಂಡಿದ್ವಿ. ಎಸಿ 22ಕ್ಕೆ ಇಟ್ಟು, ಚಾವಣಿ ಫ್ಯಾನ್ ಹಾಕಿ, ಬೋಂಡಾನ ಒಳಗೆ ಬಿಟ್ಟು ಬಟ್ಟೆ ಒಗೆಯೋಕೆ ಪಕ್ಕದ ಊರಿಗೆ ಹೋಗಿದ್ವಿ. ಇಪ್ಪತ್ತು ನಿಮಿಷದ ದಾರಿ. ಮಷೀನ್‌ಗೆ ಬಟ್ಟೆ ತುಂಬಿ ಕೂತಿದ್ದೆ ಅಷ್ಟೇ, ಇಬ್ಬರ ಫೋನೂ ಒಟ್ಟಿಗೆ ಕಿರುಚ್ಕೊಳ್ತು. ಗಾಡಿಯೊಳಗೆ ನಾವು ಒಂದು ಪುಟ್ಟ ಸಾಧನ ಇಟ್ಟಿದ್ದೀವಿ. ಅಂಗೈ ಅಗಲದ್ದು, ಅದಕ್ಕೇ ಸ್ವಂತ ಬ್ಯಾಟರಿ, ಸ್ವಂತ ಸಿಮ್. ಕರೆಂಟ್ ಹೋದ್ರೆ ಒಂದು ಮೆಸೇಜ್, ತಾಪ ನಾವು ಹಾಕಿದ ಗಡಿ ದಾಟಿದ್ರೆ ಇನ್ನೊಂದು. ಕ್ಯಾಂಪ್‌ಗ್ರೌಂಡ್‌ನ ಇಡೀ ಸಾಲಿಗೆ ಕರೆಂಟ್ ಹೋಗಿತ್ತು. ಒದ್ದೆ ಬಟ್ಟೆ ಅಲ್ಲೇ ಬಿಟ್ಟು ಓಡಿದ್ವಿ. ದಾರಿಯುದ್ದಕ್ಕೂ ನಾನು ಫೋನ್ ನೋಡ್ತಾ ಓದಿ ಹೇಳ್ತಾ ಇದ್ದೆ. 27. 29. 32. ಬಾಗಿಲು ತೆಗೆದಾಗ 34. ಬೋಂಡಾ ಬಚ್ಚಲಿನ ತಣ್ಣನೆ ನೆಲಕ್ಕೆ ಹೊಟ್ಟೆ ಒತ್ತಿ ಮಲಗಿದ್ದ, ನಾಲಿಗೆ ಪೂರಾ ಹೊರಗೆ. ನಮ್ಮನ್ನ ನೋಡಿ ಎದ್ದು ಬರಲಿಲ್ಲ, ಬಾಲ ಮಾತ್ರ ಒಂದು ಸಲ ಅಲ್ಲಾಡ್ತು.

ಆಮೇಲೆ ಮಾಡಿದ್ದನ್ನ ಯಾರಿಗಾದ್ರೂ ಉಪಯೋಗಕ್ಕೆ ಬರುತ್ತೆ ಅಂತ ಹೇಳ್ತೀನಿ. ನೆರಳಿಗೆ ತಂದು ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸಬೇಕು. ಒದ್ದೆ ಟವೆಲ್ ಹೊದಿಸಿ ಹಾಗೇ ಬಿಡಬೇಡಿ, ಅದೇ ಬಿಸಿಯಾಗಿ ಕಾವನ್ನ ಒಳಗೇ ಹಿಡಿದಿಡುತ್ತೆ. ಕುಡಿಯೋಕೆ ನೀರು ಸ್ವಲ್ಪ ಸ್ವಲ್ಪವೇ ಇಡಿ, ಬಾಯಿ ತೆಗೆದು ಹುಯ್ಯಬಾರದು. ಆಮೇಲೆ ತಡ ಮಾಡದೆ ಪಶುವೈದ್ಯರ ಹತ್ರ. ಮೇಲ್ನೋಟಕ್ಕೆ ಚೇತರಿಸ್ಕೊಂಡ ಹಾಗೆ ಕಂಡ್ರೂ ಒಳಗೆ ಮೂತ್ರಪಿಂಡಕ್ಕೋ ಕರುಳಿಗೋ ಪೆಟ್ಟಾಗಿರಬಹುದು. ಬೋಂಡಾ ಅವತ್ತು ಪಾರಾದ. ಆದರೆ ಡಾಕ್ಟ್ರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಸುಮಾರು ಹೊತ್ತು ಕೇಳಿ ಹೇಳಿದ ಮಾತಿಗೆ ಆಮೇಲೆ ಬರ್ತೀನಿ.

ಆ ಸಾಧನಕ್ಕೂ ಒಂದು ಕೊರತೆ ಇದೆ. ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಅದು ಮೂಕ. ಅಮೆರಿಕದ ಪಶ್ಚಿಮ ಭಾಗದಲ್ಲಿ ಸಿಗ್ನಲ್ ಇಲ್ಲದ ಜಾಗಗಳೇ ಹೆಚ್ಚು, ಚೆಂದದ ಜಾಗಗಳೂ ಅವೇ. ಹಾಗಾಗಿ ನಮ್ಮ ಮನೆ ಕಾನೂನು ಇಷ್ಟು: ಸಿಗ್ನಲ್ ಇಲ್ಲ ಅಂದ್ರೆ ಬೋಂಡಾ ಒಬ್ಬನೇ ಇರಲ್ಲ. ಹೊರಗೆ 24 ಡಿಗ್ರಿ ದಾಟಿದ್ರೆ ಎಸಿ ಇಲ್ಲದೆ ಒಬ್ಬನೇ ಇರಲ್ಲ. ಎಸಿ ಇದ್ರೂ ಅರ್ಧ ಗಂಟೆಯಲ್ಲಿ ವಾಪಸ್ ಬರೋಕಾಗದಷ್ಟು ದೂರ ಇಬ್ಬರೂ ಒಟ್ಟಿಗೆ ಹೋಗಲ್ಲ. ಬಾಗಿಲ ಗಾಜಿಗೆ ಒಂದು ಕಾಗದ ಅಂಟಿಸಿರ್ತೀವಿ, ಒಳಗೆ ನಾಯಿ ಇದೆ, ಎಸಿ ನಡೀತಿದೆ, ಈ ನಂಬರ್‌ಗೆ ಫೋನ್ ಮಾಡಿ ಅಂತ. ಕ್ಯಾಲಿಫೋರ್ನಿಯಾದಲ್ಲಿ 2017ರಿಂದ ಒಂದು ಕಾನೂನು ಇದೆ. ವಾಹನದೊಳಗೆ ಪ್ರಾಣಿ ಅಪಾಯದಲ್ಲಿದೆ ಅಂತ ಕಂಡ್ರೆ, ಪೊಲೀಸರಿಗೆ ತಿಳಿಸಿ ಇನ್ನೂ ಕೆಲವು ನಿಯಮ ಪಾಲಿಸಿದ್ರೆ, ದಾರಿಹೋಕರೂ ಗಾಜು ಒಡೆದು ಬಿಡಿಸಬಹುದು. ನನಗಂತೂ ಅದು ಒಳ್ಳೇ ಕಾನೂನೇ ಅನ್ಸುತ್ತೆ. ಗಾಜು ಇನ್ನೊಂದು ಹಾಕಿಸ್ಕೋಬಹುದು.

ಬಿಸಿಲಿನ ಈ ಭಯಕ್ಕೆ ಕರೆಂಟಿಗಿಂತ ಒಳ್ಳೇ ಮದ್ದು ಒಂದಿದೆ, ಅದು ಗುಡ್ಡ. ಮೇಲೆ ಏರ್ತಾ ಹೋದ ಹಾಗೆ ಸಾವಿರ ಮೀಟರ್‌ಗೆ ಸುಮಾರು ಆರೂವರೆ ಡಿಗ್ರಿ ತಂಪಾಗುತ್ತೆ. ಅರಿಜೋನಾದ ಫೀನಿಕ್ಸ್ ನಗರ ಇರೋದು ಸುಮಾರು 330 ಮೀಟರ್ ಎತ್ತರದಲ್ಲಿ. 2023ರ ಬೇಸಿಗೆಯಲ್ಲಿ ಅಲ್ಲಿ ಸತತ 31 ದಿನ ತಾಪ 43 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಅಲ್ಲಿಂದ ಎರಡು ಎರಡೂವರೆ ಗಂಟೆ ಗಾಡಿ ಓಡಿಸಿದ್ರೆ ಫ್ಲ್ಯಾಗ್‌ಸ್ಟಾಫ್ ಅಂತ ಊರು, 2,100 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ತುದಿ ಸುಮಾರು 1,930 ಮೀಟರ್ ನೋಡಿ. ಅದಕ್ಕಿಂತ ಮೇಲೆ ಒಂದು ಇಡೀ ಪಟ್ಟಣ. ಸುತ್ತ ಪೈನ್ ಕಾಡು, ಸಂಜೆ ಆದ್ರೆ ಸ್ವೆಟರ್. ಮೋಟರ್‌ಹೋಮ್ ಜನ ಚಳಿಗಾಲಕ್ಕೆ ಕೆಳಗಿನ ಮರುಭೂಮಿ, ಬೇಸಿಗೆಗೆ ಮೇಲಿನ ಕಾಡು ಅಂತ ಹತ್ತಿ ಇಳೀತಾ ಇರ್ತಾರೆ. ನಮ್ಮ ಕುರಿಗಾಹಿಗಳೂ ಮಳೆ, ಮೇವು ನೋಡ್ಕೊಂಡು ಹೀಗೇ ಜಾಗ ಬದಲಾಯಿಸ್ತಾರಲ್ಲ. ಅಮ್ಮನಿಗೆ ಇದನ್ನ ಹೇಳಿದ್ರೆ, “ಇಷ್ಟು ಓದಿಸಿದ್ದು ಕುರಿ ಇಲ್ಲದ ಕುರಿಗಾಹಿ ಆಗೋಕಾ?” ಅಂದ್ರು.

ಜಾಗ ಎಲ್ಲಿ ಸಿಗುತ್ತೆ ಅಂದ್ರೆ, ಪಶ್ಚಿಮದ ರಾಜ್ಯಗಳಲ್ಲಿ ಕೇಂದ್ರ ಸರ್ಕಾರದ ಜಮೀನು ಅಪಾರ. ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಅಂತ ಇಲಾಖೆ, ಎಲ್ಲರೂ ಬಿಎಲ್‌ಎಂ ಅಂತಾರೆ. ಅವರ ಬಯಲಲ್ಲಿ ಬಹಳಷ್ಟು ಕಡೆ ಬಾಡಿಗೆಯಿಲ್ಲದೆ ಸಾಮಾನ್ಯವಾಗಿ 14 ದಿನದ ತನಕ ಇರಬಹುದು, ಆಮೇಲೆ ಜಾಗ ಖಾಲಿ ಮಾಡಬೇಕು. ನಲ್ಲಿ ಇಲ್ಲ, ಕರೆಂಟ್ ಇಲ್ಲ, ಕಸದ ಡಬ್ಬಿಯೂ ಇಲ್ಲ. ಚಳಿಗಾಲದಲ್ಲಿ ಅರಿಜೋನಾದ ಕ್ವಾರ್ಟ್ಸ್‌ಸೈಟ್ ಅನ್ನೋ ಪುಟ್ಟ ಊರಿನ ಸುತ್ತ ಕಣ್ಣಿಗೆ ಕಾಣೋವರೆಗೂ ಬಿಳೀ ಗಾಡಿಗಳು ಜಾತ್ರೆ ಥರ ನಿಂತಿರುತ್ತೆ. ‘ನೊಮ್ಯಾಡ್‌ಲ್ಯಾಂಡ್’ ಸಿನಿಮಾ ನೋಡಿದ್ರೆ ನಿಮಗೆ ಈ ಲೋಕ ಗೊತ್ತಿರುತ್ತೆ, 2021ರಲ್ಲಿ ಅತ್ಯುತ್ತಮ ಚಿತ್ರ ಅಂತ ಆಸ್ಕರ್ ಬಂತಲ್ಲ, ಅದೇ. ನಾವು ಇಷ್ಟಪಟ್ಟು ಬಂದವರು. ಅಲ್ಲಿರೋ ಎಷ್ಟೋ ವಯಸ್ಸಾದವರು ಬಾಡಿಗೆ ಕಟ್ಟೋಕಾಗದೆ ಬಂದವರು. ಹೋದ ಜನವರಿಯಲ್ಲಿ ನಮ್ಮ ಪಕ್ಕ ಒಬ್ಬ ಅಜ್ಜಿ ಹಳೇ ವ್ಯಾನ್‌ನಲ್ಲಿದ್ರು, ಜೊತೆಗೆ ಎರಡೂವರೆ ಕೆ.ಜಿ. ತೂಕದ ಒಂದು ಚಿವಾವಾ. ರಾತ್ರಿ ಹೀಟರ್‌ಗೆ ಗ್ಯಾಸ್ ಉಳಿಸೋಕೆ ಅದನ್ನೇ ಸ್ವೆಟರ್ ಒಳಗೆ ಹಾಕ್ಕೊಂಡು ಮಲಗ್ತೀನಿ ಅಂದ್ರು. ನಗ್ತಾನೇ ಹೇಳಿದ್ರು. ಅವರ ಎದುರು ‘ಲೈಫ್‌ಸ್ಟೈಲ್’ ಅನ್ನೋ ಪದ ಬಾಯಿಗೆ ಬರಲ್ಲ.

ಅಂಥ ಬಯಲಲ್ಲಿ ನೀರೇ ದೇವರು. ನಮ್ಮ ಟ್ಯಾಂಕ್ 150 ಲೀಟರ್. ಕುಡಿಯೋಕೆ, ಅಡುಗೆಗೆ, ಪಾತ್ರೆಗೆ, ಸ್ನಾನಕ್ಕೆ, ಬೋಂಡಾ ಕಾಲು ತೊಳೆಯೋಕೆ ಎಲ್ಲ ಸೇರಿ ಒಂದು ವಾರ ಬರಬೇಕು. ಇಲ್ಲಿಯವರು ಷವರ್ ಕೆಳಗೆ ಒಂದು ನಿಮಿಷದಲ್ಲಿ ಸ್ನಾನ ಮುಗಿಸೋದನ್ನ ದೊಡ್ಡ ವಿದ್ಯೆ ಅಂತ ಯೂಟ್ಯೂಬ್‌ನಲ್ಲಿ ಕಲಿಸ್ತಾರೆ. ನಮಗೆ ಬಕೆಟ್ಟು ಚೊಂಬು ಇದ್ರೆ ಐದು ಲೀಟರ್‌ನಲ್ಲಿ ತಲೆ ಸ್ನಾನವೇ ಆಗುತ್ತೆ. ತೊಳೆದ ನೀರಿಗೆ ಒಂದು ಟ್ಯಾಂಕ್, ಟಾಯ್ಲೆಟ್‌ಗೆ ಇನ್ನೊಂದು. ಎರಡನ್ನೂ ಡಂಪ್ ಸ್ಟೇಷನ್‌ಗೆ ಹೋಗಿ ದಪ್ಪ ಪೈಪ್ ಹಾಕಿ ಖಾಲಿ ಮಾಡಬೇಕು. ಟಾಯ್ಲೆಟ್‌ದು ಮೊದಲು, ತೊಳೆದ ನೀರು ಆಮೇಲೆ, ಆಗ ಪೈಪೂ ತೊಳೆದ ಹಾಗಾಗುತ್ತೆ. ಈ ಕೆಲಸ ಗಂಡನದು, ಬಟ್ಟೆ ನನ್ನದು, ಮೊದಲೇ ಆದ ಒಪ್ಪಂದ. ಇನ್ನು ಅಡುಗೆ. ಒಣಮೆಣಸಿನಕಾಯಿ ಒಗ್ಗರಣೆ ಹಾಕಿದ್ರೆ ಹೊಗೆ ಅಲಾರಂ ಊರಿಗೇ ಕೇಳೋ ಹಾಗೆ ಕೂಗುತ್ತೆ, ಬೋಂಡಾ ಮಂಚದ ಕೆಳಗೆ ಸೇರ್ಕೊಳ್ತಾನೆ. ಹಾಗಾಗಿ ಸಾರಿನ ಒಗ್ಗರಣೆ ಮಾತ್ರ ಹೊರಗೆ, ಮಡಚೋ ಮೇಜಿನ ಮೇಲೆ, ಸಣ್ಣ ಒಲೆಯಲ್ಲಿ. ಎಷ್ಟು ಜನ ಆ ಘಮಕ್ಕೆ ಬಂದು ಮಾತಾಡ್ಸಿದ್ದಾರೆ ಗೊತ್ತಾ!

‘777 ಚಾರ್ಲಿ’ ನೋಡಿದ ನನ್ನ ತಮ್ಮ ಕೇಳ್ತಾನೆ, ನಾಯಿ ಜೊತೆ ಎಲ್ಲ ಕಡೆ ಸುತ್ತಾಡಬಹುದಲ್ಲ ಅಕ್ಕ ಅಂತ. ಆಗಲ್ಲ ಕಣೋ. ಇಲ್ಲಿನ ಹೆಚ್ಚಿನ ರಾಷ್ಟ್ರೀಯ ಉದ್ಯಾನಗಳಲ್ಲಿ ಕಾಲುದಾರಿಗೆ ನಾಯಿ ಬರೋ ಹಾಗಿಲ್ಲ. ಬಂದ ಕಡೆಯೂ ಆರು ಅಡಿಗಿಂತ ಉದ್ದದ ಹಗ್ಗ ಇರಬಾರದು. ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚಿನ ಮೇಲೆ ನಾಯಿ ಜೊತೆ ನಡೀಬಹುದು, ಕಣಿವೆ ಒಳಗೆ ಇಳಿಯೋ ಹಾಗಿಲ್ಲ. ಯೆಲ್ಲೋಸ್ಟೋನ್‌ನಲ್ಲಿ ರಸ್ತೆ, ಪಾರ್ಕಿಂಗ್, ಕ್ಯಾಂಪ್‌ಗ್ರೌಂಡ್‌ನಿಂದ ನೂರು ಅಡಿ ಆಚೆ ಕರ್ಕೊಂಡು ಹೋಗೋ ಹಾಗಿಲ್ಲ, ಬಿಸಿನೀರ ಬುಗ್ಗೆಗಳ ಪಕ್ಕದ ಹಲಗೆ ದಾರಿಗಂತೂ ಬರಲೇಬಾರದು. ನಿಯಮ ಸರಿಯೇ. ಕಾಡು ಪ್ರಾಣಿಗಳ ಮನೆ ಅದು. ಆದರೆ ಅದರಿಂದ ಏನಾಗಿದೆ ಅಂದ್ರೆ, ಅಮೆರಿಕದ ಪ್ರಸಿದ್ಧ ಜಾಗಗಳಲ್ಲಿ ನಾನೂ ನನ್ನ ಗಂಡನೂ ಜೊತೆಯಾಗಿ ನಿಂತ ಫೋಟೋನೇ ಇಲ್ಲ. ಒಬ್ಬರು ಹೋಗ್ತೀವಿ, ಒಬ್ಬರು ಬೋಂಡಾ ಹತ್ರ ಕೂರ್ತೀವಿ. ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್ ಒಂದು ಬೇರೆ. ಅಲ್ಲಿ ನಾಯಿಗೆ ಪ್ರವೇಶ ಇದೆ. ಮರಳೆಲ್ಲ ಜಿಪ್ಸಮ್, ಹಾಲಿನಷ್ಟು ಬಿಳಿ, ಬಿಸಿಲಲ್ಲೂ ಕಾಲು ಸುಡಲ್ಲ. ಮೂವರೂ ಒಟ್ಟಿಗಿರೋ ಫೋಟೋ ಅಲ್ಲಿಯದೇ.

ಬಯಲಲ್ಲಿ ಸಣ್ಣ ನಾಯಿಗೆ ಬೇರೆ ಭಯಗಳೂ ಇವೆ. ಕಯೋಟೆ ಅಂತ ನರಿ-ತೋಳದ ನಡುವಿನ ಗಾತ್ರದ ಪ್ರಾಣಿ, ಸಂಜೆ ಹೊತ್ತಿಗೆ ಹಿಂಡುಕಟ್ಟಿ ಊಳಿಡುತ್ತೆ. ಎಂಟು ಕೆ.ಜಿ. ನಾಯಿ ಅದಕ್ಕೆ ಮೊಲಕ್ಕಿಂತ ಸುಲಭ. ಕತ್ತಲಾದ ಮೇಲೆ ಬೋಂಡಾ ಮೂತ್ರಕ್ಕೆ ಹೋದ್ರೂ ಹಗ್ಗ, ಟಾರ್ಚು, ಜೊತೆಗೊಬ್ಬರು. ಕಲ್ಲಿನ ಸಂದಿಯಲ್ಲಿ ಬುಡುಬುಡಿಕೆ ಹಾವು. ಮಣ್ಣಿನಲ್ಲಿ ‘ವ್ಯಾಲಿ ಫೀವರ್’ ತರೋ ಶಿಲೀಂಧ್ರ, ಧೂಳಿನ ಜೊತೆ ಶ್ವಾಸಕೋಶಕ್ಕೆ ಹೋಗುತ್ತೆ, ಅರಿಜೋನಾದಲ್ಲಿ ನಾಯಿಗಳಿಗೆ ಸಾಮಾನ್ಯ. ಎಲ್ಲಕ್ಕಿಂತ ದಿನದಿನದ ಕಾಟ ಅಂದ್ರೆ ಮುಳ್ಳು. ಇಲ್ಲಿಯವರು ಮೇಕೆತಲೆ ಅನ್ನೋ ಅರ್ಥದ ಹೆಸರಿಟ್ಟು ಬೈಕೊಳ್ಳೋ ಆ ಮುಳ್ಳನ್ನ ಮೊದಲ ಸಲ ಬೋಂಡಾ ಪಾದದಿಂದ ಕಿತ್ತು ಬೆಳಕಿಗೆ ಹಿಡಿದಾಗ ನನಗೆ ನಗು ಬಂತು. ನಮ್ಮ ನೆಗ್ಗಿಲು ಮುಳ್ಳು! ತಿಪಟೂರಿನ ಹೊಲದಲ್ಲಿ ಸೈಕಲ್ ಪಂಕ್ಚರ್ ಮಾಡ್ತಿದ್ದ ಅದೇ ಗಿಡ. ಹಳೇ ಜಗತ್ತಿನಿಂದ ಹೇಗೋ ಬಂದು ಇಲ್ಲೂ ಬೇರು ಬಿಟ್ಟಿದೆ.

ಇನ್ನು ಗಾಡಿ ಓಡುವಾಗ ಬೋಂಡಾ ಮಡಿಲಲ್ಲಿ ಕೂರಲ್ಲ. ಬೆಂಚಿನ ಮೇಲೆ ಸೀಟ್‌ಬೆಲ್ಟ್‌ನಿಂದ ಬಿಗಿದ ಪೆಟ್ಟಿಗೆಯೊಳಗೆ ಅವನ ಹಳೇ ಚಾಪೆ ಹಾಸಿರುತ್ತೆ, ಅಲ್ಲಿ ನಿದ್ದೆ. ರೇಬಿಸ್ ಲಸಿಕೆಯ ಪ್ರಮಾಣಪತ್ರ ಫೋನ್‌ನಲ್ಲೂ ಇದೆ, ಕಾಗದದಲ್ಲೂ ಇದೆ. ಕೆನಡಾ ಗಡಿಯಲ್ಲಿ ಕೇಳ್ತಾರೆ, ಕೆಲವು ಕ್ಯಾಂಪ್‌ಗ್ರೌಂಡ್‌ಗಳಲ್ಲೂ ಕೇಳ್ತಾರೆ. ಊರೂರಿಗೂ ಹೊಸ ಪಶುವೈದ್ಯರು ಸಿಗೋದ್ರಿಂದ ಅವನ ಇಡೀ ಚರಿತ್ರೆ ಒಂದು ಪಿಡಿಎಫ್‌ನಲ್ಲಿ ಇಟ್ಟಿದ್ದೀನಿ. ನನ್ನ ಸ್ವಂತ ರಿಪೋರ್ಟ್‌ಗಳು ಎಲ್ಲಿವೆ ಅಂತ ಕೇಳಬೇಡಿ.

ಇದನ್ನ ಕರ್ನಾಟಕದಲ್ಲಿ ಮಾಡಬಹುದಾ ಅಂತ ಕೇಳೋರಿಗೆ ಎರಡೇ ಮಾತು. ಗಾಡಿ ಒಳಗನ್ನ ಮನೆ ಮಾಡಿಸೋಕೆ ಮುಂಚೆ ಆರ್‌ಟಿಒದಲ್ಲಿ ವಿಚಾರಿಸಿ, ಅನುಮತಿ ಇಲ್ಲದೆ ಬದಲಾಯಿಸೋ ಹಾಗಿಲ್ಲ. ಕಾಡಂಚಿನಲ್ಲಿ ರಾತ್ರಿ ನಿಲ್ಲಿಸ್ತೀನಿ ಅಂದ್ಕೋಬೇಡಿ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಸಂಚಾರಕ್ಕೇ ನಿಷೇಧ ಇದೆ. ಮೋಟರ್‌ಹೋಮ್ ಇರಲಿ ಬಿಡಲಿ, ಬಿಸಿಲಿನ ಲೆಕ್ಕ ಮಾತ್ರ ಎಲ್ಲ ಕಡೆ ಒಂದೇ. ರಾಯಚೂರು, ಕಲಬುರಗಿಯಲ್ಲಿ ಏಪ್ರಿಲ್‌ನಲ್ಲಿ 40 ದಾಟುತ್ತೆ. ಅಲ್ಲಿ ಪಗ್ಗೋ ಶಿಟ್ಜುವೋ ಸಾಕಿರೋರು ದಯವಿಟ್ಟು ಮಧ್ಯಾಹ್ನ ವಾಕಿಂಗ್ ಬೇಡ. ನಿಮ್ಮ ಅಂಗೈ ಹಿಂಭಾಗವನ್ನ ಟಾರ್ ರಸ್ತೆಗೆ ಏಳು ಸೆಕೆಂಡ್ ಒತ್ತಿ ಹಿಡಿಯೋಕಾಗಲ್ಲ ಅಂದ್ರೆ ಅದರ ಪಾದಕ್ಕೂ ಆಗಲ್ಲ. “ಎರಡೇ ನಿಮಿಷ, ಬೇಕರಿಗೆ ಹೋಗಿ ಬರ್ತೀನಿ” ಅಂತ ಕಾರಲ್ಲಿ ಬಿಟ್ಟು ಹೋಗೋದಂತೂ ಬೇಡವೇ ಬೇಡ.

ಡಾಕ್ಟ್ರು ಹೇಳಿದ್ದಕ್ಕೆ ಬರ್ತೀನಿ ಅಂದಿದ್ನಲ್ಲ. ಬೋಂಡಾ ಉಸಿರಿನ ಸದ್ದು ಮೊದಲಿಗಿಂತ ಗಡಸಾಗಿದೆ, ವಯಸ್ಸಾಗ್ತಾ ಪಗ್‌ಗಳಿಗೆ ಇದು ಬರುತ್ತೆ, ಅಂಗುಳಿನ ಶಸ್ತ್ರಚಿಕಿತ್ಸೆ ಮಾಡಬಹುದು, ಆದರೆ ಈ ವಯಸ್ಸಿನಲ್ಲಿ ಅರಿವಳಿಕೆಯ ಅಪಾಯವನ್ನೂ ತೂಗಿ ನೋಡಬೇಕು ಅಂದ್ರು. ಒಂದು ಕೆ.ಜಿ. ಇಳಿಸಿ ಅಂದ್ರು, ಇಳಿಸಿದ್ದೀವಿ. ಅವನ ಪಾಲಿನ ಚಪಾತಿ ಚೂರು ನಿಂತು ಹೋಗಿದೆ, ಆ ನೋಟ ನೀವು ನೋಡಬೇಕು. ಒಂಬತ್ತಿಂದ ಎಂಟು ಆಯ್ತು. ಎತ್ತರದ ಗುಡ್ಡ ಬಿಸಿಲಿಗೆ ಮದ್ದು ಅಂದೆ. ಆದರೆ ಎರಡು ಸಾವಿರ ಮೀಟರ್ ಮೇಲೆ ಗಾಳಿ ತೆಳು, ಆ ಗಂಟಲಿಗೆ ಅದೂ ಕಷ್ಟವೇ. ಹಾಗಾಗಿ ನಮ್ಮ ಮೂರು ವರ್ಷದ ಹತ್ತಿ ಇಳಿಯೋ ಲೆಕ್ಕ ಈಗ ಕೈಕೊಟ್ಟಿದೆ.

ಉಳಿದಿರೋದು ಸಮುದ್ರ. ಒರೆಗಾನ್ ಕರಾವಳಿಯಲ್ಲಿ ನಡು ಬೇಸಿಗೆಯಲ್ಲೂ ಹಗಲಿನ ತಾಪ 20 ಡಿಗ್ರಿ ಆಸುಪಾಸು. ಎಸಿಯೇ ಬೇಡ. ಸಮುದ್ರ ಮಟ್ಟ, ಗಾಳಿ ದಟ್ಟ. 1967ರ ಕಾನೂನಿನಿಂದ ಅಲ್ಲಿನ ಕಡಲತೀರವೆಲ್ಲ ಸಾರ್ವಜನಿಕರದು, ಹೆಚ್ಚಿನ ಕಡೆ ನಾಯಿ ಜೊತೆ ನಡೀಬಹುದು. ಜೂನ್‌ನಿಂದ ಸೆಪ್ಟೆಂಬರ್ ತನಕ ಅಲ್ಲೇ ಒಂದು ಜಾಗ ತಿಂಗಳ ಬಾಡಿಗೆಗೆ ಹಿಡಿಯೋಣ ಅಂತ ನಾನು. ನಾಲ್ಕು ತಿಂಗಳು ಒಂದೇ ಕಡೆ ನಿಂತ್ರೆ ಗಾಡಿ ಯಾಕೆ ಬೇಕಿತ್ತು, ಈ ವರ್ಷ ಯೂಟಾ ನೋಡೋದಿತ್ತಲ್ಲ ಅಂತ ನನ್ನ ಗಂಡ. ನೆನ್ನೆ ರಾತ್ರಿ ಕೂಡ ಇದೇ ಮಾತಾಯ್ತು. ಯೂಟಾದಲ್ಲಿ ಜುಲೈ ತಾಪ ಎಷ್ಟು ಅಂತ ಫೋನ್‌ನಲ್ಲಿ ತೆಗೆದು ತೋರಿಸ್ದೆ. ಅವರು ಅದನ್ನ ನೋಡಿ, ಮಂಚದ ಕೆಳಗಿನ ಗೊರಕೆ ಸ್ವಲ್ಪ ಹೊತ್ತು ಕೇಳಿಸ್ಕೊಂಡು, “ಅಲ್ಲಿ ತಿಂಗಳಿಗೆ ಎಷ್ಟು ಕೇಳ್ತಾರೆ?” ಅಂದ್ರು. ಇವತ್ತು ಮೂರು ಕಡೆ ಫೋನ್ ಮಾಡಿದ್ದೀನಿ. ಎರಡು ಭರ್ತಿ, ಮೂರನೇದರವರು ನಾಳೆ ಹೇಳ್ತೀವಿ ಅಂದಿದ್ದಾರೆ.